ಎಲೆಯ ಬಳಿ ಕೂತ ತಾಯಿ

ಬಿದಿರುಮಡುವಿನ ತಾತನವರೆಂದೇ ಭಕ್ತರು ಕರೆಯುವ ಶ್ರೀ ನಿರ್ವಾಣಸ್ವಾಮಿಗಳಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಕಾವೇರಿಯ ದಂಡೆಯಲ್ಲಿ, ಸತ್ತವರಿಗೆ ಎಡೆಯಿಡುವ ಮೆಟ್ಟಿಲುಗಳ ಮಗ್ಗುಲಲ್ಲಿ ಒಂದು ಸೋಗೆ ಗುಡಿಸಲು, ಒಂದು ಮಡಕೆ, ಒಂದು ಪೊರಕೆ, ಇಷ್ಟೇ ಅವರ ಸಂಸ್ಥಾನ. ಜನ ಬಿಟ್ಟುಹೋದ ಎಂಜಲೆಲೆಗಳನ್ನು ಎತ್ತಿ ಮೆಟ್ಟಿಲು ಗುಡಿಸುವುದನ್ನೇ ಅವರು ನಿತ್ಯಪೂಜೆ ಮಾಡಿಕೊಂಡಿದ್ದರು. ಮಡಿವಂತರು ಮೂಗು ಮುರಿಯುತ್ತಿದ್ದರು. ಶ್ರೀಗಳು ಗುಡಿಸುತ್ತಲೇ ಇರುತ್ತಿದ್ದರು.

ಆ ಮೆಟ್ಟಿಲಿಗೆ ಅಮಾವಾಸ್ಯೆಗೊಮ್ಮೆ ಕೆಂಪಾಜಮ್ಮನೆಂಬ ಹೆಂಗಸು ಬರತೊಡಗಿದ್ದಳು. ಮದುವೆಯ ಮಾತುಕತೆ ನಡೆಯುತ್ತಿದ್ದಾಗಲೇ ಆಕೆಯ ಒಬ್ಬಳೇ ಮಗಳು ನಿಂಗಾಜಿ ವಿಷಮಶೀತ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಜ್ವರದ ನಡುವೆ ಹುಡುಗಿ ಒತ್ತುಶ್ಯಾವಿಗೆ, ಕಾಯಿಹಾಲು ಬೇಕೆಂದು ಕೇಳಿದ್ದಳಂತೆ. ಪಥ್ಯದಲ್ಲಿರುವವಳಿಗೆ ಅದೆಲ್ಲ ಕೊಡಬಾರದೆಂದು ತಾಯಿ ಗದರಿ, ಜ್ವರ ಬಿಡಲಿ ಮಾಡಿಕೊಡುತ್ತೇನೆ ಎಂದಿದ್ದಳು. ಜ್ವರ ಬಿಡಲಿಲ್ಲ.

ಹನ್ನೊಂದನೆಯ ದಿನ ನಂಟರಿಷ್ಟರೆಲ್ಲ ಸೇರಿ ಎಡೆಯಿಟ್ಟರು. ಕಾಗೆ ಬಂದು ಅನ್ನ ಮುಟ್ಟಿದರೆ ಹೋದ ಜೀವ ತೃಪ್ತಿಯಾಗಿ ಹೋಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಹಿರಿಯರು ಕೈಮುಗಿದು ಅದನ್ನು ತೀರಿಸುವ ಮಾತು ಕೊಡುವುದು ನಮ್ಮಲ್ಲಿ ನಡೆದು ಬಂದದ್ದು. ಎಡೆಯಿಟ್ಟವರು ದೂರ ಸರಿಯುವುದೂ ಆ ಪದ್ಧತಿಯೇ. ತಾಯಿ ಮಾತ್ರ ಎಲೆಯ ಪಕ್ಕದಿಂದ ಏಳಲಿಲ್ಲ. ಹೆತ್ತವಳನ್ನು ಏಳೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಕಾಗೆಯೂ ಮುಟ್ಟಲಿಲ್ಲ. ಆಮೇಲೆ ಶುರುವಾಯಿತು ಹರಕೆಗಳ ಸುರಿಮಳೆ. ಹುಡುಗಿ ಬದುಕಿದ್ದಾಗ ಒಂದು ರವಿಕೆ ಕಣ ಕೊಡದ ಸೋದರತ್ತೆ ರೇಷ್ಮೆ ಸೀರೆಯನ್ನೇ ದಾನ ಕೊಡುವುದಾಗಿ ಹೇಳಿದಳು. ಮಾವನೊಬ್ಬ ತಿರುಪತಿಗೆ ಹೋಗಿ ಬರುತ್ತೇನೆಂದ. ಜಪ್ಪಯ್ಯ ಎಂದರೂ ಕಾಗೆ ಎಲೆಗೆ ಕೊಕ್ಕು ಹಾಕಲಿಲ್ಲ. ಎಡೆಯನ್ನು ಹಸುವಿಗೆ ತಿನ್ನಿಸಿ ಎಲ್ಲರೂ ಮನೆಗೆ ಹೋದರು.

ಅಂದಿನಿಂದ ಕೆಂಪಾಜಮ್ಮನ ಗಂಟಲಲ್ಲಿ ತುತ್ತು ಇಳಿಯದಾಯಿತು. ಮಗಳು ಹಸಿದು ಹೋದಳು, ತನ್ನ ಮೇಲೆ ಮುನಿಸಿಕೊಂಡೇ ಹೋದಳು ಎಂಬುದೊಂದೇ ಕೊರಗು. ಮೂಳೆ ಚಕ್ಕಳವಾದಳು. ಗಂಡ ಬೋರಲಿಂಗಯ್ಯ ಬೇಡಿಕೊಂಡ, ಬೈದ, ಕಡೆಗೆ ತಾನೂ ಅರ್ಧ ಮುದ್ದೆಗೇ ಕೈ ತೊಳೆಯತೊಡಗಿದ. ಮಗಳ ಹಿಂದೆಯೇ ತಾಯಿಯೂ ಹೋಗುವಳೆಂದು ಊರವರು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಸುಳ್ಳಾಗುವ ಹಾಗೆ ಕಾಣುತ್ತಿರಲಿಲ್ಲ.

ಪ್ರತಿ ಅಮಾವಾಸ್ಯೆಯೂ ಆಕೆ ಶ್ಯಾವಿಗೆ ಒತ್ತಿ, ಕಾಯಿಹಾಲು ಹಿಂಡಿ, ಹೊಳೆಗೆ ತಂದು ಎಲೆಗೆ ಬಡಿಸಿ ಪಕ್ಕದಲ್ಲೇ ಕೂರುವಳು. ಹೊತ್ತು ನೆತ್ತಿಗೇರಿದರೂ ಕಾಗೆ ಎಡೆ ಮುಟ್ಟದು. ಕಣ್ಣೊರೆಸಿಕೊಂಡು ಬರಿಹೊಟ್ಟೆಯಲ್ಲೇ ಹಿಂದಿರುಗುವಳು. ಶ್ರೀಗಳು ಗುಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದರು.

ಆಷಾಢದ ಅಮಾವಾಸ್ಯೆಯಂದು ಆಕೆಯೇ ಬಂದು ಶ್ರೀಗಳ ಪಾದದ ಬಳಿ ಕುಸಿದಳು. ತನ್ನ ಮಗಳಿಗೆ ಇನ್ನೇನು ಬೇಕೆಂದು ಸ್ವಾಮಿಗಳೇ ತಿಳಿದು ಹೇಳಬೇಕು, ಮನೆ ಮಾರಿಯಾದರೂ ಮಾಡುತ್ತೇನೆ ಎಂದು ಅತ್ತಳು. ಶ್ರೀಗಳು ಪೊರಕೆ ಕೆಳಗಿಟ್ಟು ಮೆಲ್ಲಗೆ ಕೇಳಿದರು:

"ಕಾಗೆ ಬರೋದಿಲ್ವೋ ತಾಯಿ, ನೀನು ಬಿಡೋದಿಲ್ವೋ?"

ಆಕೆಯ ಅಳು ಗಕ್ಕನೆ ನಿಂತಿತು. ಗಂಡನಿಗೂ ಹೇಳದೆ ಎದೆಯಲ್ಲೇ ಹೂತಿಟ್ಟಿದ್ದ ಮಾತು ಅದು.

"ನಾನೇ ಓಡಿಸ್ದೆ ಬುದ್ಧಿ," ಎಂದಳು. "ಹನ್ನೊಂದ್ನೆ ದಿನ ಹತ್ರಕ್ಕೇ ಬಂದಿತ್ತು. ಕೈ ತಾನಾಗೇ ಎದ್ಬುಡ್ತು. ಅದು ಮುಟ್ಬುಟ್ರೆ ಎಲ್ಲಾ ಮುಗ್ದೋಯ್ತು ಅಂತಾರಲ್ಲ. ನನ್ ಕೂಸು ಹೊಂಟೋಯ್ತದಲ್ಲ."

ಆಮೇಲೂ ಪ್ರತಿ ಸಲ ಹಾಗೆಯೇ ಆಗುತ್ತಿತ್ತೆಂದು ಒಪ್ಪಿಕೊಂಡಳು. ಬಾ ಬಾ ಎಂದು ಮನಸ್ಸಿನಲ್ಲಿ ಕರೆಯುವುದು, ಬಂದರೆ ಸೆರಗು ಬೀಸುವುದು. ಶ್ರೀಗಳು ಬೈಯಲಿಲ್ಲ. ಪುರಾಣ ಹೇಳಲಿಲ್ಲ, ಆತ್ಮಕ್ಕೆ ಸಾವಿಲ್ಲವೆಂಬ ಉಪದೇಶವನ್ನೂ ಮಾಡಲಿಲ್ಲ. ಆಕೆಯ ತಲೆಯ ಮೇಲೆ ಕೈಯಿಟ್ಟು ಇಷ್ಟು ನುಡಿದರು:

"ಮಗಳನ್ನ ಇಟ್ಕೋ ತಾಯಿ, ಬೇಡ ಅಂದೋರು ಯಾರು? ಅವಳ ಊಟ ಬಿಟ್ಕೊಡು."

ಕೆಂಪಾಜಮ್ಮ ಎಲೆಯ ಬಳಿ ಹೋಗಿ ಶ್ಯಾವಿಗೆ ಬಡಿಸಿದಳು, ಕಾಯಿಹಾಲು ಸುರಿದಳು. ಎರಡು ಮೆಟ್ಟಿಲು ಹತ್ತಿ ತಿರುಗಿ ನೋಡಿದಳು, ಮತ್ತೆ ಕೆಳಗಿಳಿದು ಎಲೆಯನ್ನು ಸುಮ್ಮನೆ ಸರಿಮಾಡಿದಳು. ಕೊನೆಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗುಡಿಸಲಿನವರೆಗೂ ನಡೆದುಬಿಟ್ಟಳು. ಅತ್ತಿಮರದಿಂದ ಕಾಗೆಯೊಂದು ಇಳಿಯಿತು. ಆಚೀಚೆ ನೋಡಿ ಶ್ಯಾವಿಗೆಗೆ ಕೊಕ್ಕು ಹಾಕಿತು. ಆಮೇಲೆ ಇನ್ನೆರಡು ಬಂದವು.

ಕೆಂಪಾಜಮ್ಮ ನೆಲಕ್ಕೆ ಬಿದ್ದು ಗೋಳಾಡಿದಳು. ಮಗಳು ಕಣ್ಮುಚ್ಚಿದ ದಿನವೂ ಆಕೆ ಹಾಗೆ ಅತ್ತಿರಲಿಲ್ಲ. ಶ್ರೀಗಳು ಸಮಾಧಾನ ಹೇಳದೆ ಪಕ್ಕದಲ್ಲಿ ಕುಳಿತಿದ್ದರು. ಅಳು ಇಳಿದ ಮೇಲೆ ಆಕೆಯ ಪಾತ್ರೆಯಲ್ಲಿ ಉಳಿದಿದ್ದ ಶ್ಯಾವಿಗೆಯನ್ನು ಎರಡು ಎಲೆಗೆ ಹಾಕಿ ಒಂದನ್ನು ಆಕೆಯ ಮುಂದೆ ಸರಿಸಿದರು. ಅವಳು ಉಣ್ಣದೆ ಹೋದದ್ದನ್ನು ತಾನು ಹೇಗೆ ಉಣ್ಣಲಿ ಎಂದಳು ತಾಯಿ. ಶ್ರೀಗಳು ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಾ ಕುಳಿತರು. ಕಾಯಿಹಾಲು ಮೊಣಕೈವರೆಗೆ ಸೋರಿತು, ಕೈ ಮಾತ್ರ ಬಾಯಿಗೆ ಹೋಗಲಿಲ್ಲ. ಅಂಥ ಹಿರಿಯ ಜೀವವನ್ನು ಹಸಿದು ಕೂರಿಸುವ ಪಾಪ ತನಗೆ ಬೇಡವೆಂದು ಆಕೆ ಒಂದು ತುತ್ತನ್ನು ಬಾಯಿಗಿಟ್ಟಳು. ಆಗ ಶ್ರೀಗಳೂ ಉಂಡರು.

ಮುಂದಿನ ಅಮಾವಾಸ್ಯೆಗೆ ಕೆಂಪಾಜಮ್ಮ ಹೊಳೆಗೆ ಬರಲಿಲ್ಲ. ಶ್ರೀಗಳಿಗೆಂದು ರಾಗಿಹಿಟ್ಟು ಹೊತ್ತುಕೊಂಡು ಬೋರಲಿಂಗಯ್ಯ ಬಂದ. ಮನೆಯಲ್ಲಿ ಕೆಂಪಾಜಮ್ಮ ಹೇಗಿದ್ದಾಳೆಂದು ಶ್ರೀಗಳು ವಿಚಾರಿಸಿದರು. ಅವನು ಹಿಟ್ಟಿನ ಗಂಟನ್ನು ಇಳಿಸಿ, ತಲೆವಸ್ತ್ರ ಬಿಚ್ಚಿ, ಕೈಮುಗಿದು ನಿಂತ.

"ಅಳ್ತಾಳೆ ಬುದ್ಧಿ. ದಿನಾ ಅಳ್ತಾಳೆ," ಎಂದ. "ಆದ್ರೆ ಈಗ ಉಂಡು ಅಳ್ತಾಳೆ."