ಹಗ್ಗವೂ ರಿಲೇ ಕೋಲೂ

ದೇಶದೇಶಗಳ ಕ್ರೀಡಾಕೂಟದಿಂದ ಹಗ್ಗಜಗ್ಗಾಟವನ್ನು ತೆಗೆದುಹಾಕಿ, ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತ ಓಡುವ ರಿಲೇ ಓಟವನ್ನು ಸೇರಿಸಿದರು. ಕೆಲಸ ಕಳೆದುಕೊಂಡ ಹಗ್ಗವನ್ನು ಓಟದ ಅಂಗಳದ ಸುತ್ತ ಬೇಲಿಯಾಗಿ ಬಿಗಿದರು.

ಅದು ರಿಲೇ ಕೋಲನ್ನು ಕಂಡು, “ಮೊಳದುದ್ದವಿಲ್ಲದ ನೀನು ನನ್ನ ಜಾಗಕ್ಕೆ ಬಂದೆಯಾ? ನನ್ನನ್ನು ಎಂಟೆಂಟು ಜಟ್ಟಿಗಳು ಹಿಡಿಯುತ್ತಿದ್ದರು. ಬಿಟ್ಟವನು ಸೋತ,” ಎಂದಿತು.

“ನನ್ನ ಆಟದಲ್ಲಿ ಬಿಡದವನು ಸೋಲುತ್ತಾನೆ, ಅಜ್ಜ,” ಎಂದಿತು ಕೋಲು.

“ಅದೂ ಒಂದು ಆಟವೇ?”

ಓಟ ಶುರುವಾಯಿತು. ಹಗ್ಗದ ಮೆಚ್ಚಿನ ಜಟ್ಟಿ ಭರಮಣ್ಣನೇ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ಓಡಿಬಂದ. ಜೊತೆಗಾರ ಕೈಚಾಚಿದ. ಭರಮಣ್ಣ ಹಳೆಯ ರೂಢಿಯಂತೆ ಕೋಲನ್ನು ತನ್ನತ್ತ ಜಗ್ಗಿದ. ಹಿಂದಿದ್ದವರು ದಾಟತೊಡಗಿದರು.

ಹಗ್ಗಕ್ಕೆ ತಡೆಯಲಾಗಲಿಲ್ಲ. “ಬಿಡೋ ಭರಮಣ್ಣ, ಬಿಡು,” ಎಂದು ಕೂಗಿತು.

ಭರಮಣ್ಣ ಬಿಟ್ಟ, ಜೊತೆಗಾರ ಓಡಿ ಗೆದ್ದ. ಗೆದ್ದವನ ಕೈಯಲ್ಲಿ ಅಂಗಳದಿಂದ ಹೊರಬರುತ್ತಿದ್ದ ಕೋಲಿಗೆ ಹಗ್ಗ ತನ್ನ ಗಂಟನ್ನು ತಾನೇ ಸಡಿಲಿಸಿ ದಾರಿ ಬಿಟ್ಟಿತು.