ಗಾಳಿ ಉಸಿರು ಬಿಗಿಹಿಡಿದ ಬೆಳಗು

ಬಾ ಚಂಪಿ, ಈ ಕಲ್ಲಿನ ಮೇಲೆ ಕೂತ್ಕೋ. ಕೆಳಗೆ ಕಾಣ್ತದಲ್ಲ ಗಾಲ್ಫ್ ಮೈದಾನ, ಅಲ್ಲಿ ಆಟಗಾರರ ಚೀಲ ಹೊತ್ತು ನಡೆದವನು ನಿನ್ನ ಅಜ್ಜ. ನನ್ನ ಕಣ್ಣು ತಪ್ಪಿಸಿದ ಚೆಂಡು ಇನ್ನೂ ಹುಟ್ಟಿಲ್ಲ. ಒಮ್ಮೆ ಒಂದು ಚೆಂಡು ಮೋಡದೊಳಗೆ ಹೋಗಿ ಕೂತುಬಿಟ್ಟಿತು. ಮಳೆಗಾಲದಲ್ಲಿ ಮೊದಲ ಹನಿಯ ಜೊತೆ ನನ್ನ ಅಂಗೈಗೇ ಬಿತ್ತು! ನಗಬೇಡ. ನನ್ನ ಜೊತೆ ಚೀಲ ಹೊರುತ್ತಿದ್ದ ಮಾದಯ್ಯ ಇದ್ದಿದ್ದರೆ ಹೌದು ಅಂತಿದ್ದ. ಈಗ ಅವನೂ ಇಲ್ಲ.

"ಅಜ್ಜಾ, ಬೆಳಗ್ಗೆ ಗಾಳಿ ಎಲ್ಲಿ ಹೋಗಿರ್ತದೆ?" ಅಂದೆಯಲ್ಲ, ಕೇಳು.

ಆಗ ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು.

ಈ ಕಣಿವೆಯಲ್ಲಿ ಚಳಿರಾಯನದೇ ದರ್ಬಾರು. ಕೆಸರಲ್ಲಿ ಎಮ್ಮೆ ಕೂತ ಹಾಗೆ ಕೂತಿದ್ದ. ಏಳು ಅಂದರೆ ಏಳ. ಹುಲ್ಲು ಚಿಗುರಲಿಲ್ಲ. ಹಾಲುವಾಣದ ಮರ ಹೂ ಬಿಡಲಿಲ್ಲ. ಸೂರ್ಯ ಬೆಟ್ಟದಾಚೆಯಿಂದ ಇಣುಕುತ್ತಿದ್ದ, ಗಾಳಿ ಬೀಸಿದೊಡನೆ ಗಡಗಡ ನಡುಗಿ ಹಿಂದಕ್ಕೆ ಸರಿಯುತ್ತಿದ್ದ.

ಇಲ್ಲಿ ಆಡು ಕಾಯುವ ಕೆಂಚವ್ವ ಇದ್ದಳು. ನಮ್ಮ ಮನೆತನದ ಮೊದಲ ಅಜ್ಜಿ. ನಿನ್ನ ಮೂಗು ಅವಳದೇ. ಮೇವಿಲ್ಲದೆ ಅವಳ ಆಡುಗಳು ಬಡಕಲಾದವು, ಮರಿಗಳಿಗೆ ಹಾಲಿಲ್ಲ.

"ಚಳಿರಾಯ, ಎದ್ದು ಹೋಗಪ್ಪ. ನನ್ನ ಮರಿಗಳು ಸಾಯ್ತಾವೆ."

ಚಳಿರಾಯ ತನ್ನ ಆಲಿಕಲ್ಲಿನ ಚೆಂಡು ಉರುಳಿಸುತ್ತಾ ಹೇಳಿದ: "ಇದನ್ನು ಕೈ ತಾಗಿಸದೆ ಬೆಟ್ಟದ ತುದಿಯಿಂದ ಹೊಳೆದಂಡೆಯ ಆ ಏಡಿ ಬಿಲಕ್ಕೆ ಹಾಕು. ಹಾಕಿದರೆ ಹೋಗ್ತೀನಿ. ತಪ್ಪಿದರೆ ಆಡು ಹೊಡ್ಕೊಂಡು ನೀನೇ ಹೊರಡು. ಮತ್ತೆ ಈ ಕಡೆ ತಲೆ ಹಾಕಬಾರದು."

ಕೆಂಚವ್ವನ ಕೈಯಲ್ಲಿದ್ದದ್ದು ಸೊಪ್ಪು ಎಳೆಯುವ ಕೊಕ್ಕೆಕೋಲು. ಅದನ್ನೇ ತಲೆಕೆಳಗು ಹಿಡಿದು ಬೀಸಿದಳು. ಚೆಂಡು ಹಾರಿತು ನೋಡು, ಹದ್ದು ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು!

"ಅಕ್ಕಾ, ಏನ್ ಹಾರ್ತದೆ! ನಾನೂ ಊದ್ಲಾ?" ಅಂದಿತು ಗಾಳಿ. ಊದೇಬಿಟ್ಟಿತು. ಚೆಂಡು ಮುಳ್ಳಿನ ಪೊದೆಗೆ. ಅಲ್ಲಿಂದ ಹೊಡೆದಳು. ಮತ್ತೆ ಊದಿತು. ಚೆಂಡು ಕೆಸರಿಗೆ. ಅಲ್ಲಿಂದಲೂ ಹೊಡೆದಳು. ಅಂತೂ ಬಿಲದ ಹತ್ತಿರ ಬಂದಾಗ ಚೆಂಡು ಸವೆದು ನೆಲ್ಲಿಕಾಯಿಯಷ್ಟಾಗಿತ್ತು.

"ಗಾಳಿಯಣ್ಣ, ನಿನ್ನ ಕಾಲಿಗೆ ಬೀಳ್ತೀನಿ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿ."

"ನಾನಾ? ಉಸಿರು ಬಿಟ್ಟರೆ ನನ್ನ ಹತ್ರ ಬೇರೇನಿದೆಯಕ್ಕ?"

ಆಗ ದಂಡೆಯ ಮೇಲೆ ಒಂದು ಮರಿ ಸಣ್ಣಗೆ 'ಮ್ಯಾ' ಅಂದಿತು. ಕೂಗಲೂ ಅದಕ್ಕೆ ಶಕ್ತಿ ಇರಲಿಲ್ಲ. ಗಾಳಿ ಅದನ್ನು ನೋಡಿತು. ಕೆನ್ನೆ ಉಬ್ಬಿಸಿತು. ಉಸಿರು ಹಿಡಿಯಿತು.

ಎಲೆ ಅಲುಗಲಿಲ್ಲ. ಹೊಳೆ ಕೂಡ ತುದಿಗಾಲಲ್ಲಿ ಹರಿಯಿತು. ಕೆಂಚವ್ವ ಮೆಲ್ಲಗೆ ತಟ್ಟಿದಳು. ಚೆಂಡು ಉರುಳಿತು, ಉರುಳಿತು, ಬಿಲದ ಅಂಚಿಗೆ ಹೋಗಿ ನಿಂತುಬಿಟ್ಟಿತು.

"ಕಟ್ಟು ಗಂಟುಮೂಟೆ!" ಚಳಿರಾಯ ಬಿದ್ದು ಬಿದ್ದು ನಕ್ಕ.

ಕಣಿವೆ ಯಾಕೆ ಇಷ್ಟು ಸುಮ್ಮನಿದೆ ಅಂತ ಸೂರ್ಯ ತಲೆ ಎತ್ತಿದ. ಗಾಳಿಯಿಲ್ಲ, ನಡುಕವೂ ಇಲ್ಲ. ಪೂರ್ತಿ ಮೇಲೆ ಬಂದ. ಬಿಸಿಲು ತಾಗಿದ ಚೆಂಡು ಬೆವರಿತು, ಕರಗಿತು, ತೊಟ್ ತೊಟ್ ಎಂದು ಬಿಲದೊಳಗೆ ಇಳಿಯಿತು.

"ಅದು ನೀರು! ಚೆಂಡಲ್ಲ!" ಚಳಿರಾಯ ಕಿರುಚಿದ.

ಬಿಲದಿಂದ ಏಡಿ ಹೊರಬಂತು. "ಯಾರಯ್ಯ ಅದು? ನಾನು ಮಲಗೋ ಜಾಗವೆಲ್ಲ ಒದ್ದೆ!"

"ಏಡಿಯಪ್ಪ, ಚೆಂಡು ಒಳಗೆ ಬಂತಾ?"

"ಬಂತಾ ಅಂತೀಯಲ್ಲ ತಾಯಿ! ಪೂರ್ತಿ ಬಂದಿದೆ. ಹೊರಗೆ ಒಂದು ಚೂರು ಉಳಿದಿದ್ದರೆ ತೋರಿಸು."

ಚಳಿರಾಯ ಎದ್ದ. ಹೋಗುತ್ತಾ ಮುಖ ಊದಿಸಿಕೊಂಡು, "ನನ್ನ ಚೆಂಡು?" ಅಂದ. ಕೆಂಚವ್ವನಿಗೆ ಪಾಪ ಅನ್ನಿಸಿತು. "ಬೆಳಗಾಗೋ ಮುಂಚೆ ಬಂದು ಹುಡುಕ್ಕೋ. ಬಿಸಿಲು ಬಂದ ಕೂಡಲೇ ಹೊರಡಬೇಕು" ಅಂದಳು.

ಹುಲ್ಲು ಮೊಳೆಯಿತು. ಆಡುಗಳು ತಲೆಯೆತ್ತದೆ ಮೇದವು. ಈ ಗಲಾಟೆಯಲ್ಲಿ ಗಾಳಿಗೆ ಉಸಿರು ಬಿಡು ಅನ್ನುವುದನ್ನೇ ಎಲ್ಲರೂ ಮರೆತರು! ಮಧ್ಯಾಹ್ನ ಕೆಂಚವ್ವ ನೋಡಿದರೆ ಅದರ ಕೆನ್ನೆ ಕುಂಬಳಕಾಯಿಯಾಗಿತ್ತು.

"ಅಯ್ಯೋ ಅಣ್ಣ, ಇನ್ನೂ ಹಿಡ್ಕೊಂಡಿದ್ದೀಯಾ? ಬಿಡಪ್ಪ!"

ಬಿಟ್ಟಿತು ನೋಡು. ಕೆಂಚವ್ವನ ತಲೆವಸ್ತ್ರ ಆಚೆ ಬೆಟ್ಟಕ್ಕೆ ಹಾರಿತು. ಅದರ ಚೂರು ನಾನು ಕಣ್ಣಾರೆ ಕಂಡಿದ್ದೀನಿ.

ಮಾದಯ್ಯನೂ ನಾನೂ ಆಟಗಾರರು ಕುಳಿಗೆ ಚೆಂಡು ತಟ್ಟುವಾಗ ಹಾಗೇ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಬರಿಗಾಲಿಗೆ ತಣ್ಣನೆ ಹುಲ್ಲು, ಬೆನ್ನಿಗೆ ಎಳೆಬಿಸಿಲು. ಆ ಬೆಳಗುಗಳು ಇನ್ನೂ ನನ್ನ ಅಂಗಾಲಲ್ಲೇ ಇವೆ, ಚಂಪಿ.

ಅದಕ್ಕೇ ಮಗಾ, ಚಳಿ ಮುಗಿಯುವ ಈ ದಿನಗಳಲ್ಲಿ ಚಳಿರಾಯ ನಸುಕಿಗೆ ಬಂದು ಹುಲ್ಲೆಲ್ಲ ತಡಕಿ ಒದ್ದೆ ಮಾಡಿ ಹೋಗ್ತಾನೆ, ಸೂರ್ಯ ನಡುಗದೆ ಮೇಲೆ ಬರಲಿ ಅಂತ ಬಿಸಿಲೇರುವ ತನಕ ಗಾಳಿ ಉಸಿರೆತ್ತದೆ ನಿಂತಿರ್ತದೆ, ಮಧ್ಯಾಹ್ನವಾದ ಕೂಡಲೇ ನಿನ್ನ ಜಡೆಯ ರಿಬ್ಬನ್ ಕಿತ್ತುಕೊಂಡು ಆ ಬೆಟ್ಟದ ಕಡೆಗೇ ಓಡ್ತದೆ.