ಕಣ್ಣಿಗೊತ್ತಿಕೊಂಡ ಕೋವಿ

ಕೊಡಗಿನ ಒಂದು ಹೊಳೆಯ ದಂಡೆ. ಅಲ್ಲಿನ ಬಯಲಿನಲ್ಲಿ ನಿವೃತ್ತ ಸುಬೇದಾರ್ ನಾಣಯ್ಯ ಕೋವಿ ಹಿಡಿಯುವುದನ್ನು ಕಲಿಸುತ್ತಿದ್ದರು.

ಯಂತ್ರವೊಂದು ಅಂಗೈಯಗಲದ ಮಣ್ಣಿನ ಬಿಲ್ಲೆಗಳನ್ನು ಹೊಳೆಯ ಕಡೆಗೆ ಚಿಮ್ಮಿಸುತ್ತಿತ್ತು. ಗುರಿ ಸರಿಯಾಗಿದ್ದರೆ ಬಿಲ್ಲೆ ಗಾಳಿಯಲ್ಲೇ ಪುಡಿಯಾಗುತ್ತಿತ್ತು.

ನಾಣಯ್ಯನವರ ಕೊರಳಲ್ಲಿ ಸದಾ ಒಂದು ಹಿತ್ತಾಳೆಯ ಸೀಟಿ. ಅದು ಕೂಗಿತೆಂದರೆ ಎಲ್ಲರೂ ಕೋವಿ ತೆರೆದು ಹಿಂದೆ ಸರಿಯಬೇಕು. ಸೀಟಿ ಯಾರ ಕೊರಳಲ್ಲಿದೆಯೋ ಅವರೇ ಆ ದಿನದ ಗುರು.

ಶಿಷ್ಯೆ ದೇಚಮ್ಮನಿಗೆ ಆ ಸೀಟಿಯ ಮೇಲೆ ಕಣ್ಣು. ಇಪ್ಪತ್ತೈದು ಬಿಲ್ಲೆಗಳಲ್ಲಿ ಇಪ್ಪತ್ತಮೂರನ್ನು ಪುಡಿ ಮಾಡುವವಳು ಆಸೆಪಟ್ಟರೆ ತಪ್ಪೇನು?

"ತಾತಾ, ಭಾನುವಾರ ಹೊಸಬರು ಬರ್ತಾರಲ್ಲ, ನಾನೇ ಕಲಿಸ್ಲಾ?"

"ಮೊದಲು ಏನು ಕಲಿಸ್ತೀಯ?"

"ನಿಲ್ಲೋದು. ಆಮೇಲೆ ಕೋವೀನ ಭುಜಕ್ಕೆ ಒತ್ತಿ ಹಿಡಿಯೋದು."

"ಕೋವಿ ಅವರ ಕೈಗೆ ಹೇಗೆ ಬಂತು?"

"ನಾನು ಕೊಟ್ಟೆ."

"ಕೊಡೋದು ಕಲ್ತಿದ್ದೀಯಾ?"

ದೇಚಮ್ಮನಿಗೆ ನಗು ಬಂತು. ಕೋವಿ ಅವಳಿಗೇನು ಹೊಸದೇ? ಪ್ರತಿವರ್ಷ ಕೈಲ್ ಮುಹೂರ್ತ ಹಬ್ಬದಲ್ಲಿ ಮನೆಯ ಕೋವಿಗೆ ಹೂ ಮುಡಿಸಿ, ಪೂಜೆಯಾದ ಮೇಲೆ ಹಿರಿಯರ ಕೈಯಿಂದ ಪಡೆದು ಕಣ್ಣಿಗೊತ್ತಿಕೊಂಡು ಬೆಳೆದವಳು ಅವಳು.

ಗುರು ನಗಲಿಲ್ಲ. ಆ ವಾರವೆಲ್ಲ ಅವಳಿಂದ ಒಂದು ಬಿಲ್ಲೆಯನ್ನೂ ಹೊಡೆಸಲಿಲ್ಲ. ಬರೀ ಕೊಡುವುದು, ತೆಗೆದುಕೊಳ್ಳುವುದು.

ದೇಚಮ್ಮ ಕೀಲಿನ ಬಳಿ ನಳಿಗೆ ಬಗ್ಗಿಸಿ ಕೋವಿ ತೆರೆಯಬೇಕು. ಒಳಗೆ ಕಾಡತೂಸು ಇಲ್ಲವೆಂದು ನೋಡಬೇಕು. ತೆರೆದ ಕೋವಿಯನ್ನೇ ಗುರುವಿಗೆ ಕೊಡಬೇಕು. ನಾಣಯ್ಯ ಅದನ್ನು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ತಾವೂ ಬಗ್ಗಿ ಒಳಗೆ ನೋಡುತ್ತಿದ್ದರು. ಹೀಗೆ ದಿನಕ್ಕೆ ಐವತ್ತು ಸಲ.

ದೇಚಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ. ಅವಳು ಒಳಗೆ ನೋಡುವುದನ್ನು ಅವರು ಎದುರಿಗೇ ನಿಂತು ಕಂಡಿದ್ದಾರೆ. ತಮ್ಮ ಮನೆಯ ಬೀಗದ ಕೈಯನ್ನೇ ಅವಳಿಗೆ ಕೊಟ್ಟ ಮನುಷ್ಯ, ಮತ್ತೆ ಇದೇನು?

"ನನ್ನ ಮೇಲೆ ನಂಬಿಕೆ ಇಲ್ವಾ ತಾತಾ?"

"ಇದೆ."

"ಮತ್ಯಾಕೆ ನೋಡ್ತೀರಿ?"

"ನಂಬಿಕೆ ಇರೋದು ನಿನ್ನ ಮೇಲೆ. ನಾನು ನೋಡ್ತಿರೋದು ಕೋವೀನ."

ಇದೂ ಒಂದು ಉತ್ತರವೇ ಎಂದು ದೇಚಮ್ಮ ಗೊಣಗಿಕೊಂಡಳು. ಆದರೂ ಆ ಮಾತು ಅವಳ ತಲೆಯೊಳಗೆ ಕೊರೆಯುತ್ತಲೇ ಇತ್ತು.

ಶನಿವಾರ ಸಂಜೆ ನಾಣಯ್ಯ ತಮ್ಮ ಸ್ವಂತ ಜೋಡುನಳಿಗೆಯ ಕೋವಿಯನ್ನು ಹೊರಗೆ ತಂದರು. ಅದನ್ನು ಅವರು ಯಾರಿಗೂ ಮುಟ್ಟಲು ಕೊಟ್ಟವರಲ್ಲ.

"ಹಿಡಿ. ನಾಳೆಗೆ."

ದೇಚಮ್ಮನಿಗೆ ಆಕಾಶ ಮೂರೇ ಗೇಣು. ಸೀಟಿ ಸಿಕ್ಕಂತೆಯೇ ಅಂದುಕೊಂಡಳು. ತಲೆ ಬಾಗಿಸಿ, ಎರಡೂ ಕೈಯಲ್ಲಿ ಕೋವಿ ಪಡೆದು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.

"ತೆರೆದು ನೋಡು," ಎಂದರು ಗುರು.

ನಳಿಗೆ ಬಗ್ಗಿಸಿದಳು. ಒಳಗೆ ಕಾಡತೂಸಿನ ಹಿತ್ತಾಳೆಯ ಅಂಚು ಮಿನುಗಿತು.

ನಾಣಯ್ಯ ಅದನ್ನು ಹೊರಗೆಳೆದು ಅವಳ ಅಂಗೈಯಲ್ಲಿಟ್ಟರು. ನಿನ್ನೆಯೇ ಸಿಡಿದು ಮುಗಿದ ಬರಿ ಕೊಳವೆ ಅದು.

"ಹೆದರಬೇಡ. ಕಣ್ಣಿಗೊತ್ತಿಕೊಂಡಾಗ ನಳಿಗೆ ಯಾವ ಕಡೆ ತಿರುಗಿತ್ತು?"

ದೇಚಮ್ಮ ತಿರುಗಿ ನೋಡಿದಳು. ಬಯಲಿನ ಅಂಚಿನ ಚಪ್ಪರದಡಿ ಗುರುಗಳ ಹೆಂಡತಿ ಪೊನ್ನಮ್ಮ ಕಾಫಿ ಸೋಸುತ್ತಿದ್ದರು. ಇವಳ ಲೋಟವೂ ಪಕ್ಕದಲ್ಲಿತ್ತು.

ಅವಳಿಗೆ ಅಳು ಬಂತು. "ನೀವು ಕೊಟ್ಟಿದ್ದಲ್ವಾ ತಾತಾ! ನಿಮ್ಮ ಕೈಯಿಂದ ಬಂದಿದ್ದನ್ನೂ ತೆರೆದು ನೋಡ್ಬೇಕಾ?"

"ನಾನು ಗುರು ಅನ್ನೋದು ನಿನಗೆ ಗೊತ್ತು. ಕೋವಿಗೆ ಗೊತ್ತಾ?"

"ನಾಳೆ...?"

"ನಾಳೆ ನಾನೇ ಕಲಿಸ್ತೀನಿ."

ದೇಚಮ್ಮನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಮನೆ ತಲುಪುವಷ್ಟರಲ್ಲಿ ಸಿಟ್ಟು ಇಳಿಯಿತು. ನಾಚಿಕೆ ಇಳಿಯಲಿಲ್ಲ.

ಭಾನುವಾರ ಹೊಸಬರು ಬಂದರು. ಮೊದಲ ಸರದಿ ಸದಾನಂದ ಮೇಷ್ಟ್ರದು. ಊರ ಶಾಲೆಯಲ್ಲಿ ಗಣಿತ ಹೇಳುವ ಅವರು ಕೋವಿಯನ್ನು ಹತ್ತಿರದಿಂದ ಕಂಡದ್ದೇ ಅಂದು. ಸೀಟಿ ಗುರುವಿನ ಕೊರಳಲ್ಲೇ ಇತ್ತು. ದೇಚಮ್ಮ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು.

ನಾಣಯ್ಯ ಕೋವಿ ತೆರೆದರು, ಒಳಗೆ ನೋಡಿದರು, ತೆರೆದಂತೆಯೇ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ವಿನಯದಿಂದ ತೆಗೆದುಕೊಂಡು, ಹಾಗೇ ಮುಚ್ಚಲು ಹೋದರು.

ದೇಚಮ್ಮ ಗುರುವಿನ ಮುಖ ನೋಡಿದಳು. ಅವರು ಹೊಳೆಯ ಕಡೆ ನೋಡುತ್ತಿದ್ದರು.

"ಮುಚ್ಚಬೇಡಿ ಮೇಷ್ಟ್ರೇ!" ಎಂದು ಅವಳು ಮುಂದೆ ಬಂದಳು. "ಮೊದಲು ಒಳಗೆ ನೋಡಿ."

"ಸುಬೇದಾರರು ಈಗಷ್ಟೇ ನೋಡಿದ್ರಲ್ಲಮ್ಮಾ. ಅಂಥ ಹಿರಿಯರು ನೋಡಿದ್ಮೇಲೆ ನಾನು ಮತ್ತೆ ನೋಡಿದ್ರೆ ಮರ್ಯಾದೆ ಅಲ್ಲ."

ದೇಚಮ್ಮನಿಗೆ ತನ್ನದೇ ದನಿ ಕೇಳಿದಂತಾಯಿತು.

"ಅವರು ನೋಡಿದಾಗ ಕೋವಿ ಅವರ ಕೈಲಿತ್ತು," ಎಂದಳು. "ಈಗ ನಿಮ್ಮ ಕೈಲಿದೆ."

ಮೇಷ್ಟ್ರು ಬಗ್ಗಿ, ಎರಡೂ ನಳಿಗೆಗಳನ್ನು ಸಾವಕಾಶವಾಗಿ ನೋಡಿದರು.

ನಾಣಯ್ಯ ಕೊರಳಿನಿಂದ ಸೀಟಿ ತೆಗೆದು ದೇಚಮ್ಮನ ಮುಂದೆ ಚಾಚಿದರು.

ಅವಳ ಕಣ್ಣು ತುಂಬಿತು. ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿನವರೆಗೆ ಎತ್ತಿದವಳು ಗಕ್ಕನೆ ನಿಲ್ಲಿಸಿ, ಸೀಟಿಯನ್ನು ಅತ್ತಿತ್ತ ತಿರುಗಿಸಿ, ಅದರ ತೂತಿನೊಳಗೆ ಇಣುಕಿ ನೋಡಿದಳು.

ನಾಣಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದನ್ನ ಕಣ್ಣಿಗೊತ್ತಿಕೊಂಡ್ರೆ ಅಡ್ಡಿಯಿಲ್ಲ, ಮಗು."